ನರೇಂದ್ರನ ತಮ್ಮ ಭೂಪೇಂದ್ರ

ಇಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲ್ ಗೋಡೆಯಲ್ಲಿ ಕೈಕಟ್ಟಿ ನಿಂತ ವಿವೇಕಾನಂದರ ಪಟ ಇತ್ತು. ನಾಲ್ಕು ವರ್ಷ ದಿನಾ ನೋಡಿದ್ದೇನೆ. ಅವರಿಗೊಬ್ಬ ತಮ್ಮ ಇದ್ದರು, ಅವರು ಮಾರ್ಕ್ಸ್‌ವಾದಿ, ಅದೂ ಜರ್ಮನಿಯಲ್ಲಿ ಡಾಕ್ಟರೇಟ್ ಮಾಡಿದವರು ಅಂತ ಗೊತ್ತಾಗಿದ್ದು ಮಾತ್ರ ನಾನು ಇಲ್ಲಿಗೆ ಬಂದ ಮೇಲೆ.

ಭೂಪೇಂದ್ರನಾಥ ದತ್ತರು ಹುಟ್ಟಿದ್ದು 1880ರಲ್ಲಿ, ಕಲ್ಕತ್ತಾದಲ್ಲಿ. ಅಣ್ಣ ನರೇಂದ್ರನಿಗಿಂತ 17 ವರ್ಷ ಚಿಕ್ಕವರು. ಅಪ್ಪ ತೀರಿಕೊಂಡಾಗ ಇನ್ನೂ ನಾಲ್ಕು ತುಂಬಿರಲಿಲ್ಲ. ಸಾಕಿದ್ದು ತಾಯಿ ಭುವನೇಶ್ವರಿ ದೇವಿ. ದೊಡ್ಡವರಾದ ಮೇಲೆ ಬಂಗಾಳದ ಕ್ರಾಂತಿಕಾರಿಗಳ ಜೊತೆ ಸೇರಿ 'ಜುಗಾಂತರ' ಪತ್ರಿಕೆಯ ಸಂಪಾದಕರಾದರು. 1907ರಲ್ಲಿ ರಾಜದ್ರೋಹದ ಕೇಸು ಬಿತ್ತು. ಕೋರ್ಟಿನಲ್ಲಿ ವಾದ ಮಾಡಲಿಲ್ಲ, ಹೊಣೆಯೆಲ್ಲ ತನ್ನದೇ ಅಂದುಬಿಟ್ಟರು. ಒಂದು ವರ್ಷ ಕಠಿಣ ಸಜೆ. ಬಿಡುಗಡೆಯಾದ ಮೇಲೆ ಸೋದರಿ ನಿವೇದಿತಾರ ನೆರವಿನಿಂದ ಅಮೆರಿಕ ಸೇರಿಕೊಂಡರು. ನ್ಯೂಯಾರ್ಕಿನಲ್ಲಿ ಪದವಿ, ಬ್ರೌನ್ ವಿಶ್ವವಿದ್ಯಾಲಯದಲ್ಲಿ ಎಂ.ಎ. ಈ ನಡುವೆ, 1911ರಲ್ಲಿ, ಅಮ್ಮ ಹೋಗಿಬಿಟ್ಟರು. ಭೂಪೇಂದ್ರರು ಊರಿಗೆ ಮರಳಿದ್ದು 1925ರಲ್ಲಿ! ವೀಸಾ, ಟಿಕೆಟ್ ರೇಟು ಅಂತ ಗೊಣಗುವ ನಮಗೆ ಈ ದೂರ ಅರ್ಥವಾಗೋದು ಕಷ್ಟ.

ಮೊದಲ ಮಹಾಯುದ್ಧ ಶುರುವಾದ ಮೇಲೆ ಬರ್ಲಿನ್‌ಗೆ ಬಂದರು. ಜರ್ಮನ್ನರ ಸಹಾಯ ಪಡೆದು ಬ್ರಿಟಿಷರನ್ನು ಓಡಿಸಬೇಕೆಂದು ವೀರೇಂದ್ರನಾಥ ಚಟ್ಟೋಪಾಧ್ಯಾಯ ಮುಂತಾದವರು ಕಟ್ಟಿದ್ದ ಬರ್ಲಿನ್ ಸಮಿತಿಗೆ 1916ರಿಂದ 18ರವರೆಗೆ ಇವರೇ ಕಾರ್ಯದರ್ಶಿ. ಯುದ್ಧದಲ್ಲಿ ಜರ್ಮನಿಯೇ ಸೋತಿತು. 1921ರಲ್ಲಿ ಮಾಸ್ಕೋಗೆ ಹೋಗಿ, ಭಾರತದ ಸ್ಥಿತಿಗತಿಯ ಬಗ್ಗೆ ಒಂದು ಪ್ರಬಂಧವನ್ನು ಲೆನಿನ್‌ಗೆ ಕಳಿಸಿದರು. ವರ್ಗಗಳ ಚರ್ಚೆ ಬಿಡಿ, ನಿಮ್ಮಲ್ಲಿ ರೈತ ಸಂಘಗಳಿದ್ದರೆ ಅವುಗಳ ಅಂಕಿಅಂಶ ಕೂಡಿಸಿ ಅನ್ನೋ ಅರ್ಥದ ಪುಟ್ಟ ಉತ್ತರ ಬಂತಂತೆ. ನಮ್ಮ ಗೈಡುಗಳೂ ಹೀಗೇ, ಥಿಯರಿ ತಗೊಂಡು ಹೋದರೆ ಡೇಟಾ ಕೇಳ್ತಾರೆ. 1923ರಲ್ಲಿ ಹ್ಯಾಂಬರ್ಗಿನಲ್ಲಿ ಡಾಕ್ಟರೇಟ್ ಆಯಿತು.

ಊರಿಗೆ ಮರಳಿದ ಮೇಲೆ ಕಾಂಗ್ರೆಸ್ಸಿನಲ್ಲೂ, ರೈತ-ಕಾರ್ಮಿಕರ ಚಳವಳಿಗಳಲ್ಲೂ ದುಡಿದರು. ಮತ್ತೆ ಜೈಲೂ ಕಂಡರು. ಜೊತೆಗೆ ಬರವಣಿಗೆ. ಹಿಂದೂ ಆಚರಣೆಗಳು ಯಾವ ಸಮಾಜದಿಂದ, ಹೇಗೆ ಬೆಳೆದು ಬಂದವು ಅಂತ ಮಾರ್ಕ್ಸ್‌ವಾದಿ ಕಣ್ಣಿನಿಂದ ಪುಸ್ತಕ ಬರೆದರು. ಪೂಜೆ, ವ್ರತಗಳನ್ನು ಮೌಢ್ಯ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕದೆ, ಕೂತು ಅಧ್ಯಯನ ಮಾಡಿದ್ದು ನನಗೆ ಹಿಡಿಸಿತು.

1954ರಲ್ಲಿ ಅಣ್ಣನ ಬಗ್ಗೆಯೇ ಒಂದು ಪುಸ್ತಕ ತಂದರು. ಅದರಲ್ಲಿರುವ ವಿವೇಕಾನಂದರು ಬಡವರ ಹಸಿವಿಗೆ ಸಂಕಟಪಟ್ಟ, ಮುಂದಿನ ಕಾಲ ಶೂದ್ರರದ್ದು ಎಂದು ನಂಬಿದ್ದ ದೇಶಭಕ್ತ. ತಮ್ಮ ತನ್ನ ಸಮಾಜವಾದವನ್ನು ಅಣ್ಣನ ಮೇಲೆ ಹೇರಿದ್ದಾರಾ? ಸ್ವಲ್ಪ ಹೇರಿದ್ದಾರೆ ಅಂತಲೇ ನನಗನ್ನಿಸುತ್ತೆ. ಆದರೆ ವಿವೇಕಾನಂದರೇ ಒಂದು ಪತ್ರದಲ್ಲಿ ತಾನು ಸಮಾಜವಾದಿ ಅಂತ ಬರೆದುಕೊಂಡಿದ್ದರಲ್ಲ! ಹಾಸ್ಟೆಲ್ ಪಟದ ಕೆಳಗೆ ಆ ಸಾಲು ಇರಲಿಲ್ಲ.

ಭೂಪೇಂದ್ರರು 1961ರ ಡಿಸೆಂಬರ್ 25ರಂದು ತೀರಿಕೊಂಡರು. ಅಣ್ಣ ಹೋದಾಗ ಅವರಿಗೆ 21 ವರ್ಷ. ಅಣ್ಣನ ಪುಸ್ತಕ ಹೊರಬರುವಾಗ ಎಪ್ಪತ್ತು ದಾಟಿತ್ತು.