ಬಂದರು ಕಚೇರಿಯ ಗುಮಾಸ್ತರು ಬರೆದ ಕಾಗದ

ಊರು ಬಿಟ್ಟು ಪರಸ್ಥಳದಲ್ಲಿ ದುಡಿಯುವ ನಮಗೆ ಕಾಗದದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೋಟೆಲಿನ ಬಾಗಿಲು ಮುಚ್ಚಿದ ಮೇಲೆ, ಮೈಕೈ ನೋವನ್ನು ಮರೆತು, ದೀಪದ ಕೆಳಗೆ ಕುಳಿತು ತಾಯಿಗೆ ನಾಲ್ಕು ಸಾಲು ಬರೆದ ಹಿರಿಯರ ಪರಂಪರೆ ನಮ್ಮದು. ಆದರೆ ಆ ಕಾಗದಗಳೆಲ್ಲ ಬಲ್ಲವರಿಗೆ ಬರೆದವು. ಮುಖ ಕಾಣದ, ಹೆಸರನ್ನಷ್ಟೇ ಕೇಳಿದ ದೊಡ್ಡವರಿಗೆ ಬರೆಯಬೇಕೆಂದಾಗ ನಮ್ಮ ಕೈ ಹಿಂಜರಿಯುತ್ತದೆ. ಅವರು ಓದುವರೋ ಇಲ್ಲವೋ, ಓದಿದರೆ ನಗುವರೋ ಏನೋ ಎಂಬ ಸಂಕೋಚ ನಮ್ಮನ್ನು ತಡೆಯುತ್ತದೆ. ಈ ಸಂಕೋಚವನ್ನು ಗೆದ್ದ ಒಬ್ಬ ಗುಮಾಸ್ತರ ಜೀವನವೃತ್ತಾಂತವನ್ನು ಇಂದು ವಾಚಕರ ಮುಂದಿಡುತ್ತೇವೆ. ಗಣಿತಲೋಕವು ಇಂದಿಗೂ ಗೌರವದಿಂದ ನೆನೆಯುವ ಶ್ರೀನಿವಾಸ ರಾಮಾನುಜನ್ ಅವರೇ ಆ ಗುಮಾಸ್ತರು.

ರಾಮಾನುಜನ್ ಅವರು 1887ನೆಯ ಇಸವಿ ಡಿಸೆಂಬರ್ 22ರಂದು ಈರೋಡಿನಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದರು. ಬೆಳೆದುದು ಕುಂಭಕೋಣದಲ್ಲಿ. ತಂದೆ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತರು. ತಾಯಿ ಕೋಮಲತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡಿ ಬಂದ ಅಲ್ಪ ಹಣವನ್ನು ಸಂಸಾರಕ್ಕೆ ಸೇರಿಸುತ್ತಿದ್ದರು. ಶಾಲೆಯಲ್ಲಿ ಬಾಲಕನ ಬುದ್ಧಿಶಕ್ತಿಗೆ ಎಲ್ಲರೂ ಬೆರಗಾದರು. ಹದಿನಾರರ ಸುಮಾರಿಗೆ, ಕಾರ್ ಎಂಬ ಆಂಗ್ಲ ಶಿಕ್ಷಕರು ಸುಮಾರು 5,000 ಪ್ರಮೇಯಗಳನ್ನು ಒಟ್ಟುಗೂಡಿಸಿದ ಗ್ರಂಥವೊಂದು ಅವರ ಕೈಗೆ ಬಂದಿತು. ಅದರಲ್ಲಿ ಸಾಧನೆಯ ವಿವರಗಳು ಬಹು ಕಡಿಮೆ. ಆ ಕೊರತೆಯೇ ತರುಣನಿಗೆ ವರವಾಯಿತು. ಒಂದೊಂದನ್ನೂ ತಾನೇ ಸಾಧಿಸುತ್ತ, ಗ್ರಂಥದಲ್ಲಿಲ್ಲದ ಹೊಸ ಹೊಸ ಸೂತ್ರಗಳನ್ನು ಕಾಣತೊಡಗಿದನು.

ಗಣಿತವು ಹೀಗೆ ಹಿಡಿದ ಮೇಲೆ ಉಳಿದ ಪಾಠಗಳು ರುಚಿಸಲಿಲ್ಲ. ಕುಂಭಕೋಣದ ಕಾಲೇಜಿನಲ್ಲಿ ದೊರೆತಿದ್ದ ವಿದ್ಯಾರ್ಥಿವೇತನ ಕೈಬಿಟ್ಟಿತು. ಮದರಾಸಿನ ಪಚ್ಚೈಯಪ್ಪ ಕಾಲೇಜನ್ನು ಸೇರಿದರೂ ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಪದವಿಯಿಲ್ಲ, ಕೆಲಸವಿಲ್ಲ. 1909ರಲ್ಲಿ ಜಾನಕಿಯವರೊಡನೆ ವಿವಾಹವಾಗಿ ಜವಾಬ್ದಾರಿ ಹೆಚ್ಚಿತು. ಕಾಗದ ಕೊಳ್ಳುವುದೂ ಕಷ್ಟವಾದುದರಿಂದ ಲೆಕ್ಕವನ್ನು ಕಲ್ಲುಹಲಗೆಯ ಮೇಲೆ ಮಾಡಿ, ಮೊಣಕೈಯಿಂದ ಒರೆಸಿ, ಫಲಿತಾಂಶವನ್ನು ಮಾತ್ರ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಆ ನೋಟುಪುಸ್ತಕಗಳನ್ನು ಕಂಕುಳಲ್ಲಿಟ್ಟುಕೊಂಡು ಅವರು ದೊಡ್ಡವರ ಬಾಗಿಲಿಗೆ ಹೋದರು. ಭಾರತೀಯ ಗಣಿತ ಸಂಘವನ್ನು ಸ್ಥಾಪಿಸಿದ ಡೆಪ್ಯುಟಿ ಕಲೆಕ್ಟರ್ ರಾಮಸ್ವಾಮಿ ಅಯ್ಯರ್ ಅವರು ಇವರ ಯೋಗ್ಯತೆಯನ್ನು ಅರಿತರು. ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಅವರು ಕೆಲಕಾಲ ತಿಂಗಳಿಗೆ 25 ರೂಪಾಯಿಯನ್ನು ಕೊಟ್ಟು ಸಲಹಿದರು. ಆದರೆ ಒಬ್ಬರ ಹಂಗಿನಲ್ಲಿ ಬಹುಕಾಲ ಉಣ್ಣಲು ರಾಮಾನುಜನ್ ಅವರಿಗೆ ಮನಸ್ಸಾಗಲಿಲ್ಲ. 1912ನೆಯ ಮಾರ್ಚ್ 1ರಂದು ಮದರಾಸು ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತರಾದರು. ತಿಂಗಳ ಸಂಬಳ 30 ರೂಪಾಯಿ. ಮೇಲಧಿಕಾರಿಯಾಗಿದ್ದ ನಾರಾಯಣ ಅಯ್ಯರ್ ಅವರು ತಾವೂ ಗಣಿತ ಬಲ್ಲವರಾದುದರಿಂದ, ಸಂಜೆಯ ವೇಳೆ ಇವರೊಡನೆ ಕುಳಿತು ಲೆಕ್ಕ ಬಿಡಿಸುತ್ತಿದ್ದರು.

ಅನ್ನದ ಚಿಂತೆ ಒಂದಿಷ್ಟು ತಗ್ಗಿತು. ಆದರೆ ತಮ್ಮ ಕೆಲಸವನ್ನು ಓದಿ ಸರಿ ತಪ್ಪು ಹೇಳಬಲ್ಲವರು ಸಮೀಪದಲ್ಲಿ ಇರಲಿಲ್ಲ. ಆದಕಾರಣ ರಾಮಾನುಜನ್ ಅವರು ವಿಲಾಯತಿಯ ವಿದ್ವಾಂಸರಿಗೆ ಬರೆಯಲು ನಿಶ್ಚಯಿಸಿದರು. ಕೇಂಬ್ರಿಜ್‌ನ ಬೇಕರ್ ಎಂಬ ಗಣಿತಜ್ಞರಿಗೆ ಬರೆದರು, ಫಲವಾಗಲಿಲ್ಲ. ಹಾಬ್ಸನ್ ಎಂಬವರಿಗೆ ಬರೆದರು. ಅಲ್ಲಿಯೂ ಸಹಾಯ ದೊರೆಯಲಿಲ್ಲ. ಎರಡು ಬಾಗಿಲುಗಳು ಮುಚ್ಚಿದ ಮೇಲೆ ಮೂರನೆಯದನ್ನು ತಟ್ಟುವುದಕ್ಕೆ ಎಂಥ ಧೈರ್ಯ ಬೇಕೆಂಬುದನ್ನು ಕೆಲಸ ಹುಡುಕಿಕೊಂಡು ನಗರಕ್ಕೆ ಬಂದ ನಮ್ಮವರು ಚೆನ್ನಾಗಿ ಬಲ್ಲರು.

ಮೂರನೆಯ ಕಾಗದವನ್ನು 1913ನೆಯ ಜನವರಿ 16ರಂದು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಹಾರ್ಡಿಯವರಿಗೆ ಬರೆದರು. ಆ ಕಾಗದದ ರೀತಿ ಗಮನಾರ್ಹವಾದುದು. ಮೊದಲಿಗೆ ತಾವು ಬಂದರು ಕಚೇರಿಯ ಗುಮಾಸ್ತರೆಂದೂ ವರ್ಷದ ಸಂಬಳ 20 ಪೌಂಡು ಮಾತ್ರವೆಂದೂ ವಿಶ್ವವಿದ್ಯಾಲಯದ ಶಿಕ್ಷಣ ತಮಗಿಲ್ಲವೆಂದೂ ಮುಚ್ಚುಮರೆಯಿಲ್ಲದೆ ತಿಳಿಸಿದರು. ಬಳಿಕ ಹಾರ್ಡಿಯವರು ಬರೆದಿದ್ದ ಪುಸ್ತಕವೊಂದನ್ನು ತಾವು ಓದಿರುವುದಾಗಿಯೂ, ಅಲ್ಲಿ ಇನ್ನೂ ಬಿಡಿಸಲಾಗಿಲ್ಲವೆಂದು ಹೇಳಿದ್ದ ಪ್ರಶ್ನೆಯೊಂದಕ್ಕೆ ತಾವು ಉತ್ತರ ಕಂಡಿರುವುದಾಗಿಯೂ ಬರೆದರು. ಕೊನೆಗೆ ತಮ್ಮ ಸುಮಾರು 120 ಪ್ರಮೇಯಗಳನ್ನು ಅದರೊಡನೆ ಕಳುಹಿಸಿ, ಬೆಲೆಯುಳ್ಳವು ಇದ್ದರೆ ಪ್ರಕಟಿಸಲು ನೆರವಾಗಬೇಕೆಂದು ಕೋರಿದರು. ತಮ್ಮ ಬಡತನವನ್ನು ಹೇಳಿಕೊಂಡರೇ ಹೊರತು ಅದನ್ನೇ ಮುಂದೊಡ್ಡಿ ಬೇಡಲಿಲ್ಲ. ತೂಗಿ ನೋಡಲೆಂದು ತಮ್ಮ ದುಡಿಮೆಯನ್ನೇ ಲಕೋಟೆಯಲ್ಲಿಟ್ಟರು.

ಹಾರ್ಡಿಯವರಿಗೆ ಮೊದಲು ಇದು ಮೋಸವಿರಬಹುದೆಂಬ ಶಂಕೆ ಬಂದಿತು. ಆದರೆ ಆ ಸೂತ್ರಗಳು ಮನಸ್ಸಿನಿಂದ ಹೊರಡಲಿಲ್ಲ. ಸ್ನೇಹಿತರಾದ ಲಿಟಲ್‌ವುಡ್ ಅವರೊಡನೆ ರಾತ್ರಿ ಕುಳಿತು ಪರಿಶೀಲಿಸಿದರು. ಕೆಲವು ಮೊದಲೇ ಗೊತ್ತಿದ್ದವು, ಕೆಲವು ತಪ್ಪಾಗಿದ್ದವು. ಕಂಡಿದ್ದೇನೆಂದು ರಾಮಾನುಜನ್ ಅವರು ಹೇಳಿದ ಆ ಉತ್ತರವೂ ಸರಿಯಾಗಿರಲಿಲ್ಲ. ಆದರೆ ಉಳಿದವುಗಳಲ್ಲಿ ಹಲವು ಹಾರ್ಡಿಯವರೇ ಹಿಂದೆಂದೂ ಕಾಣದಂಥವು. ಇಂಥವನ್ನು ಕಲ್ಪಿಸಿ ಬರೆಯಬಲ್ಲ ವಂಚಕನು ಇರಲಾರನೆಂದು ಇಬ್ಬರೂ ತೀರ್ಮಾನಿಸಿದರು. ಫೆಬ್ರವರಿ 8ರಂದು ಹಾರ್ಡಿಯವರು ಉತ್ತರ ಬರೆದು, ಮೆಚ್ಚುಗೆಯನ್ನು ಸೂಚಿಸಿ, ಸಾಧನೆಯ ವಿವರಗಳನ್ನು ಕೇಳಿದರು.

ಆ ಉತ್ತರದಿಂದ ಗುಮಾಸ್ತರ ದೆಸೆ ತಿರುಗಿತು. ರಾಮಾನುಜನ್ ಅವರು ಮರಳಿ ಬರೆದು, ತಮಗೊಬ್ಬ ಮಿತ್ರ ದೊರೆತುದಕ್ಕೆ ಸಂತೋಷಪಟ್ಟರು. ಹೊಟ್ಟೆಗಿಲ್ಲದೆ ಬುದ್ಧಿ ನಿಲ್ಲದೆಂಬುದನ್ನೂ ಸಂಕೋಚವಿಲ್ಲದೆ ತಿಳಿಸಿದರು. ಅದೇ ಸಮಯದಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್ ಅವರೂ ಇವರ ನೋಟುಪುಸ್ತಕಗಳನ್ನು ಕಂಡು ವಿಶ್ವವಿದ್ಯಾಲಯಕ್ಕೆ ಶಿಫಾರಸು ಮಾಡಿದರು. ಎಫ್.ಎ.ಯನ್ನೂ ದಾಟದವರಿಗೆ ಮದರಾಸು ವಿಶ್ವವಿದ್ಯಾಲಯವು ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನವನ್ನು ಕೊಟ್ಟಿತು. 1914ನೆಯ ಮಾರ್ಚ್ 17ರಂದು ಅವರು ಹಡಗನ್ನೇರಿ ವಿಲಾಯತಿಗೆ ಹೊರಟರು.

ಐದು ವರ್ಷಗಳ ಕಾಲ ಆ ಇಬ್ಬರು ಕೂಡಿ ದುಡಿದರು. ಅವರ ಕೆಲಸದ ಒಂದು ಮಾದರಿಯನ್ನು ಲೆಕ್ಕಪತ್ರದ ಪರಿಚಯವುಳ್ಳ ನಮ್ಮ ವಾಚಕರು ಸುಲಭವಾಗಿ ಗ್ರಹಿಸಬಹುದು. ನಾಲ್ಕು ನಾಣ್ಯಗಳನ್ನು ಗುಂಪು ಮಾಡಿ ಇಡುವ ಬಗೆಗಳೆಷ್ಟು? ನಾಲ್ಕೂ ಒಟ್ಟಿಗೆ, ಮೂರು ಮತ್ತು ಒಂದು, ಎರಡು ಮತ್ತು ಎರಡು, ಎರಡು, ಒಂದು, ಒಂದು, ನಾಲ್ಕೂ ಬಿಡಿಬಿಡಿ. ಒಟ್ಟು ಐದು. ಆದರೆ 200 ನಾಣ್ಯಗಳಾದರೆ ಈ ಸಂಖ್ಯೆ 39,72,99,90,29,388ಕ್ಕೆ ಏರುತ್ತದೆ! ಎಣಿಸುತ್ತ ಕೂರದೆ ಇದನ್ನು ಕಂಡುಹಿಡಿಯುವ ಸೂತ್ರವನ್ನು ಅವರಿಬ್ಬರೂ 1918ರಲ್ಲಿ ಪ್ರಕಟಿಸಿದರು. ಅದೇ ವರ್ಷ ರಾಮಾನುಜನ್ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. ಟ್ರಿನಿಟಿ ಕಾಲೇಜಿನ ಫೆಲೋ ಆಗಿ ಆರಿಸಲ್ಪಟ್ಟ ಮೊದಲನೆಯ ಭಾರತೀಯರೂ ಆದರು.

ಇದಕ್ಕೆ ಅವರು ತೆತ್ತ ಬೆಲೆಯನ್ನೂ ಮರೆಮಾಚಬಾರದು. ಯುದ್ಧಕಾಲದ ಇಂಗ್ಲೆಂಡಿನಲ್ಲಿ ಸಸ್ಯಾಹಾರಕ್ಕೆ ಬೇಕಾದ ಸಾಮಗ್ರಿ ದುರ್ಲಭವಾಗಿತ್ತು. ತಾವೇ ಅಡಿಗೆ ಮಾಡಿಕೊಳ್ಳುತ್ತ, ಹೊತ್ತಿಲ್ಲದ ಹೊತ್ತಿನಲ್ಲಿ ಉಣ್ಣುತ್ತ, ಚಳಿಯಲ್ಲಿ ನಲುಗಿ 1917ರಲ್ಲಿ ಹಾಸಿಗೆ ಹಿಡಿದರು. ಇತ್ತ ಮನೆಯಲ್ಲಿ ಅತ್ತೆ ಸೊಸೆಯರ ವಿರಸದಿಂದಾಗಿ ಜಾನಕಿಯವರು ಬರೆದ ಕಾಗದಗಳು ಪತಿಯ ಕೈಸೇರಲಿಲ್ಲ. ಅಪರಿಚಿತರಿಗೆ ಬರೆದ ಕಾಗದ ಏಳು ಸಮುದ್ರ ದಾಟಿ ಸೇರಿತು. ಸ್ವಂತ ಮನೆಯ ಕಾಗದ ಮನೆಯಲ್ಲಿಯೇ ಉಳಿಯಿತು. ಮನೆ ಬಿಟ್ಟು ದೂರದಲ್ಲಿರುವವರಿಗೆ ಈ ನೋವು ಅರ್ಥವಾಗುವಂತಹುದು.

1919ನೆಯ ಮಾರ್ಚ್ 27ರಂದು ರಾಮಾನುಜನ್ ಅವರು ನಮ್ಮ ಈ ಮುಂಬಯಿಯ ಬಂದರಿನಲ್ಲಿಯೇ ಬಂದಿಳಿದರು. ಎದುರುಗೊಳ್ಳಲು ತಾಯಿಯೂ ತಮ್ಮನೂ ಬಂದಿದ್ದರು. ಶರೀರ ಸೋತಿತ್ತು, ಆದರೆ ಬರವಣಿಗೆ ನಿಲ್ಲಲಿಲ್ಲ. ಜಾನಕಿಯವರು ಅವರ ಶುಶ್ರೂಷೆಗೆ ನಿಂತರು. 1920ರ ಜನವರಿಯಲ್ಲಿ ಹಾರ್ಡಿಯವರಿಗೆ ಕೊನೆಯ ಕಾಗದವನ್ನು ಬರೆದು ಹೊಸದೊಂದು ಶೋಧವನ್ನು ತಿಳಿಸಿದರು. ಅದೇ ವರ್ಷ ಏಪ್ರಿಲ್ 26ರಂದು ಮದರಾಸಿನಲ್ಲಿ, 32ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಇನ್ನೊಂದು ಕಾಗದವನ್ನು ಇಲ್ಲಿ ಹೇಳದೆ ಇರಲಾರೆವು. ವಿಶ್ವವಿದ್ಯಾಲಯವು ವರ್ಷಕ್ಕೆ 250 ಪೌಂಡುಗಳ ಗೌರವವೇತನವನ್ನು ಗೊತ್ತುಮಾಡಿದಾಗ, 1919ರ ಜನವರಿಯಲ್ಲಿ ಕಾಯಿಲೆಯಲ್ಲಿದ್ದ ಅವರು ಅಧಿಕಾರಿಗಳಿಗೆ ಬರೆದು, ಇಷ್ಟು ಹಣ ತಮಗೆ ಬೇಡವೆಂದೂ, ತಂದೆತಾಯಿಗಳಿಗೆ 50 ಪೌಂಡು ಕೊಟ್ಟು, ತಮ್ಮ ಖರ್ಚು ಕಳೆದು ಉಳಿದುದನ್ನು ಬಡ ಹುಡುಗರ ಮತ್ತು ಅನಾಥರ ವಿದ್ಯಾಭ್ಯಾಸಕ್ಕೆ ಬಳಸಬೇಕೆಂದೂ ಕೋರಿದ್ದರು. ಆರು ವರ್ಷಗಳ ಹಿಂದೆ ನೆರವು ಬೇಡಿ ಬರೆದ ಕೈಯೇ ಈಗ ಕೊಡುವುದಕ್ಕಾಗಿ ಬರೆಯಿತು.

ಲಾಭವು ಬರೆದವರಿಗೆ ಮಾತ್ರ ಆಯಿತೆನ್ನುವಂತಿಲ್ಲ. ರಾಮಾನುಜನ್ ಅವರ ಸಹವಾಸವನ್ನು ಹಾರ್ಡಿಯವರು ತಮ್ಮ ಬಾಳಿನ ಅಪೂರ್ವ ಪ್ರಸಂಗವೆಂದು ಕೊನೆಯವರೆಗೂ ಭಾವಿಸಿದರು. ನಮ್ಮ ಕಾಗದಗಳೆಲ್ಲಕ್ಕೂ ಇಂಥ ಉತ್ತರ ಬಂದೀತೆಂದು ನಾವು ಹೇಳಲಾರೆವು. ರಾಮಾನುಜನ್ ಅವರಿಗೇ ಎರಡು ಕಡೆಯಿಂದ ಬರಲಿಲ್ಲ. ಆದರೆ ನಮ್ಮಲ್ಲಿ ಒಂದು ಕಥೆಯೋ, ಒಂದು ವಿದ್ಯೆಯೋ, ಒಂದು ನ್ಯಾಯವಾದ ಮಾತೋ ಇದ್ದು, ಅದನ್ನು ಬಲ್ಲವರ ಹೆಸರು ತಿಳಿದಿದ್ದರೆ, ಹಲ್ಲಾಗುಲ್ಲಾ ಮುಗಿದ ರಾತ್ರಿಯಲ್ಲಿ ಕುಳಿತು ಬರೆಯಲು ಹಿಂಜರಿಯಬೇಕಾಗಿಲ್ಲ. ಸಂಬಳ ಎಷ್ಟೆಂಬುದನ್ನು ನಾಚದೆ ಹೇಳೋಣ. ಜೊತೆಗೆ ನಮ್ಮ ಕೆಲಸವನ್ನೂ ಇಡೋಣ.