ಅಬೂ ಹಾಮಿದ್ ಅಲ್-ಗಝಾಲಿ

ಅಬೂ ಹಾಮಿದ್ ಮುಹಮ್ಮದ್ ಅಲ್-ಗಝಾಲಿ (ಕ್ರಿ.ಶ. 1058 – 18 ಡಿಸೆಂಬರ್ 1111) ಮಧ್ಯಯುಗದ ಇಸ್ಲಾಮೀ ಜಗತ್ತಿನ ಪ್ರಸಿದ್ಧ ಧರ್ಮಶಾಸ್ತ್ರಜ್ಞರು, ತತ್ತ್ವಚಿಂತಕರು ಮತ್ತು ಸೂಫಿ ಲೇಖಕರು. ಇಮಾಮ್ ಗಝಾಲಿ, ಗಝ್ಝಾಲಿ ಎಂಬ ರೂಪಗಳಲ್ಲಿಯೂ ಇವರ ಹೆಸರು ಬಳಕೆಯಲ್ಲಿದೆ. ಹುಟ್ಟಿನಿಂದ ಪರ್ಷಿಯನ್ನರಾದರೂ ಇವರ ಬಹುಪಾಲು ಗ್ರಂಥಗಳು ಅರಬ್ಬೀ ಭಾಷೆಯಲ್ಲಿವೆ. ತಮ್ಮ ಕಾಲದ ಅತ್ಯುನ್ನತ ಅಧ್ಯಾಪಕ ಪದವಿಯನ್ನು ಕಿರಿಯ ವಯಸ್ಸಿನಲ್ಲಿಯೇ ಪಡೆದು, ನಾಲ್ಕು ವರ್ಷಗಳ ನಂತರ ಅದನ್ನು ತೊರೆದು ಹೊರಟದ್ದು ಇವರ ಜೀವನದ ಬಹುಮುಖ್ಯ ಘಟನೆ. ತಂದೆ ತಾಯಿಯಿಂದ ಬಂದ ನಂಬಿಕೆಗೆ ಆಧಾರವೇನು ಎಂಬುದು ಯೌವನದಲ್ಲಿ ಇವರನ್ನು ಕಾಡಿದ ಪ್ರಶ್ನೆಯಾದರೆ, ತಾವು ಬೋಧಿಸುತ್ತಿರುವುದು ಯಾರ ಮೆಚ್ಚುಗೆಗಾಗಿ ಎಂಬುದು ನಡುವಯಸ್ಸಿನಲ್ಲಿ ಕಾಡಿದ ಪ್ರಶ್ನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಗಝಾಲಿ ಜನಿಸಿದ್ದು ಖೊರಾಸಾನ್ ಪ್ರಾಂತದ ತೂಸ್ ಎಂಬಲ್ಲಿ. ಇದು ಇಂದಿನ ಈಶಾನ್ಯ ಇರಾನಿನ ಮಶ್ಹದ್ ನಗರದ ಸಮೀಪದಲ್ಲಿದೆ. ತಂದೆ ಉಣ್ಣೆ ನೂತು ಮಾರಿ ಜೀವನ ಸಾಗಿಸುತ್ತಿದ್ದ ಬಡವರೆಂದೂ, ಓದು ಬಾರದಿದ್ದರೂ ವಿದ್ವಾಂಸರ ಸಹವಾಸವನ್ನು ಬಯಸುತ್ತಿದ್ದರೆಂದೂ ನಂತರದ ಚರಿತ್ರಕಾರರು ಬರೆದಿದ್ದಾರೆ. ಮರಣಕಾಲದಲ್ಲಿ ಅವರು ಮುಹಮ್ಮದ್ ಮತ್ತು ಅಹ್ಮದ್ ಎಂಬ ಇಬ್ಬರು ಗಂಡುಮಕ್ಕಳನ್ನೂ ಕೂಡಿಟ್ಟ ಅಲ್ಪ ಹಣವನ್ನೂ ಒಬ್ಬ ಸೂಫಿ ಗೆಳೆಯನ ಕೈಗೆ ಒಪ್ಪಿಸಿದರು. ಹಣ ಮುಗಿದ ಮೇಲೆ ಆತನು, ಊಟ ವಸತಿಯಾದರೂ ದೊರೆಯಲೆಂದು, ಹುಡುಗರನ್ನು ಮದ್ರಸಕ್ಕೆ ಸೇರಲು ಹೇಳಿದನು. ಹೀಗೆ ಅವರ ಶಾಸ್ತ್ರಾಧ್ಯಯನ ಅನ್ನದ ಅಗತ್ಯದಿಂದ ಆರಂಭವಾಯಿತು.

ತೂಸ್‌ನಲ್ಲಿ ಮೊದಲ ಪಾಠಗಳನ್ನು ಮುಗಿಸಿದ ಗಝಾಲಿ ಕ್ಯಾಸ್ಪಿಯನ್ ಸಮುದ್ರದ ಕಡೆಯ ಜುರ್ಜಾನ್‌ಗೆ ಹೋಗಿ ಓದಿದರು. ಅಲ್ಲಿಂದ ಹಿಂದಿರುಗುವಾಗ ನಡೆಯಿತೆನ್ನಲಾದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ದಾರಿಯಲ್ಲಿ ಕಳ್ಳರು ಅವರ ಗಂಟನ್ನು ಕಸಿದುಕೊಂಡರು. ಗಝಾಲಿ ಕಳ್ಳರ ಹಿಂದೆಯೇ ಹೋಗಿ, ತಾನು ಪಾಠ ಬರೆದುಕೊಂಡ ಹಾಳೆಗಳನ್ನಷ್ಟೇ ಹಿಂದಿರುಗಿಸುವಂತೆ ಬೇಡಿಕೊಂಡರು. ಹಾಳೆ ಹೋದರೆ ಹೋಗಿಬಿಡುವ ವಿದ್ಯೆ ಎಂಥ ವಿದ್ಯೆ ಎಂದು ಕಳ್ಳರ ನಾಯಕ ನಕ್ಕು ಅವನ್ನು ಕೊಟ್ಟುಬಿಟ್ಟನಂತೆ. ಆ ಮಾತನ್ನು ದೇವರ ಎಚ್ಚರಿಕೆಯೆಂದೇ ತಿಳಿದ ಯುವಕ ಊರಿಗೆ ಬಂದು ಮೂರು ವರ್ಷ ಕುಳಿತು ಬರೆದುಕೊಂಡದ್ದನ್ನೆಲ್ಲ ಬಾಯಿಪಾಠ ಮಾಡಿದನು. ಕಥೆಯಲ್ಲಿ ಉತ್ಪ್ರೇಕ್ಷೆ ಇರಬಹುದಾದರೂ, ಹೊರಗಿನಿಂದ ಪಡೆದದ್ದು ತನ್ನದಾಗಿದೆಯೇ ಎಂಬ ಪ್ರಶ್ನೆ ಇಲ್ಲಿಯೂ ಇರುವುದನ್ನು ಗಮನಿಸಬೇಕು.

ಬಳಿಕ ಅವರು ನಿಶಾಪುರಕ್ಕೆ ತೆರಳಿ, ಇಮಾಮುಲ್ ಹರಮೈನ್ ಎಂದು ಖ್ಯಾತರಾಗಿದ್ದ ಅಲ್-ಜುವೈನಿ ಅವರ ಶಿಷ್ಯರಾದರು. ಶಾಫಿ ಪಂಥದ ಧರ್ಮಶಾಸ್ತ್ರ, ಅಶ್‌ಅರೀ ಪಂಥದ ದೇವತಾಶಾಸ್ತ್ರ, ತರ್ಕ ಮತ್ತು ವಾದವಿದ್ಯೆಗಳಲ್ಲಿ ಪಾಂಡಿತ್ಯ ಸಂಪಾದಿಸಿದರು. 1085ರಲ್ಲಿ ಗುರುಗಳು ತೀರಿಕೊಂಡ ಮೇಲೆ ಸೆಲ್ಜೂಕ್ ಸಾಮ್ರಾಜ್ಯದ ವಜೀರ ನಿಝಾಮುಲ್ ಮುಲ್ಕ್ ಅವರ ಆಶ್ರಯಕ್ಕೆ ಬಂದರು.

ಆನುವಂಶಿಕ ನಂಬಿಕೆಯ ಕುರಿತ ಸಂದೇಹ

ಜೀವನದ ಕೊನೆಯ ವರ್ಷಗಳಲ್ಲಿ ಬರೆದ ಅಲ್-ಮುನ್ಕಿಝ್ ಮಿನ್ ಅಲ್-ದಲಾಲ್ ಎಂಬ ಆತ್ಮವೃತ್ತದಲ್ಲಿ ಗಝಾಲಿ ತಮ್ಮ ಎಳೆಯ ವಯಸ್ಸಿನ ಒಂದು ಅವಲೋಕನವನ್ನು ದಾಖಲಿಸಿದ್ದಾರೆ. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿಯೂ ಯಹೂದಿಗಳ ಮಕ್ಕಳು ಯಹೂದಿಗಳಾಗಿಯೂ ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿಯೂ ಬೆಳೆಯುವುದನ್ನು ಅವರು ಕಂಡರು. ಹಾಗಿದ್ದರೆ ತಮ್ಮ ನಂಬಿಕೆಗೂ ನೆರೆಮನೆಯವನ ನಂಬಿಕೆಗೂ ಇರುವ ವ್ಯತ್ಯಾಸ ಸತ್ಯದ್ದೋ, ಹುಟ್ಟಿದ ಮನೆಯದ್ದೋ? ಹಿರಿಯರನ್ನು ಪ್ರಮಾಣವಾಗಿ ಇಟ್ಟುಕೊಂಡು, ವಿಚಾರಿಸದೆ ಅನುಸರಿಸುವುದನ್ನು ಅರಬ್ಬಿಯಲ್ಲಿ ತಖ್ಲೀದ್ ಎನ್ನುತ್ತಾರೆ. ಹದಿಹರೆಯ ದಾಟುವ ಮೊದಲೇ ತಖ್ಲೀದ್‌ನ ಕಟ್ಟು ತಮ್ಮ ಮಟ್ಟಿಗೆ ಸಡಿಲಿತೆಂದು ಅವರು ಹೇಳಿಕೊಂಡಿದ್ದಾರೆ. ಪ್ರತಿಯೊಂದು ಮಗುವೂ ಸಹಜ ಸ್ವಭಾವದಲ್ಲಿ ಹುಟ್ಟುತ್ತದೆ, ತಂದೆ ತಾಯಿ ಅದನ್ನು ಒಂದು ಮತಕ್ಕೆ ಸೇರಿಸುತ್ತಾರೆ ಎಂಬರ್ಥದ ಪ್ರವಾದಿವಚನವೇ ಅವರ ಸಂದೇಹಕ್ಕೆ ಇಂಬಾಯಿತು. ಮತದ ಹೊರಗಿನಿಂದ ಬಂದ ಪ್ರಶ್ನೆ ಅದಾಗಿರಲಿಲ್ಲವೆಂಬುದು ಇಲ್ಲಿ ಮುಖ್ಯ.

ಒಮ್ಮೆ ಸಡಿಲಿದ ನಂಬಿಕೆಯನ್ನು ಮತ್ತೆ ಕಟ್ಟಲು ಅವರು ಸಂದೇಹಕ್ಕೆ ಎಡೆಯಿಲ್ಲದ ಜ್ಞಾನವನ್ನು ಹುಡುಕಿದರು. ಹತ್ತು ಮೂರಕ್ಕಿಂತ ದೊಡ್ಡದೆಂಬುದು ಅಂತಹ ಜ್ಞಾನ. ಯಾರಾದರೂ ಕೋಲನ್ನು ಹಾವಾಗಿಸಿ ತೋರಿಸಿ, ಮೂರೇ ದೊಡ್ಡದೆಂದು ವಾದಿಸಿದರೆ, ಪವಾಡಕ್ಕೆ ಬೆರಗಾಗಬಹುದೇ ಹೊರತು ಲೆಕ್ಕದಲ್ಲಿ ಸಂಶಯ ಹುಟ್ಟದು. ಈ ಅಳತೆಗೋಲನ್ನು ಹಿಡಿದು ನೋಡಿದಾಗ ಇಂದ್ರಿಯಗಳು ಮೊದಲು ಸೋತವು. ನೆರಳು ನಿಂತಂತೆ ಕಾಣುತ್ತದೆ, ಆದರೆ ಚಲಿಸುತ್ತಿರುತ್ತದೆ. ನಕ್ಷತ್ರ ಒಂದು ದೀನಾರ್ ನಾಣ್ಯದಷ್ಟು ಕಾಣುತ್ತದೆ, ಗಣಿತ ಅದನ್ನು ಭೂಮಿಗಿಂತ ದೊಡ್ಡದೆನ್ನುತ್ತದೆ. ಇಂದ್ರಿಯವನ್ನು ಬುದ್ಧಿ ಸುಳ್ಳಾಗಿಸಿದಂತೆ, ಬುದ್ಧಿಯನ್ನೂ ಸುಳ್ಳಾಗಿಸುವ ಇನ್ನೊಂದು ನೆಲೆ ಇರಬಾರದೇಕೆ? ಕನಸಿನಲ್ಲಿ ಕಂಡದ್ದು ಎಚ್ಚರವಾಗುವವರೆಗೆ ನಿಜವೇ ಆಗಿರುತ್ತದೆಯಲ್ಲ! ಈ ಸ್ಥಿತಿ ಸುಮಾರು ಎರಡು ತಿಂಗಳು ಅವರನ್ನು ಪೀಡಿಸಿತು. ಬಾಯಿಮಾತಿನಲ್ಲಿ ಅದನ್ನು ಯಾರ ಮುಂದೆಯೂ ತೋರಿಸಿಕೊಳ್ಳಲಿಲ್ಲ. ಅದರಿಂದ ಹೊರಬಂದದ್ದು ತರ್ಕದಿಂದಲ್ಲ, ದೇವರು ಎದೆಯೊಳಗೆ ಹಾಕಿದ ಬೆಳಕಿನಿಂದ ಎಂಬುದು ಅವರ ನಿವೇದನೆ.

ಬಾಗ್ದಾದಿನ ವರ್ಷಗಳು

1091ರಲ್ಲಿ ನಿಝಾಮುಲ್ ಮುಲ್ಕ್ ಇವರನ್ನು ಬಾಗ್ದಾದಿನ ನಿಝಾಮಿಯಾ ಮದ್ರಸದ ಮುಖ್ಯ ಅಧ್ಯಾಪಕರನ್ನಾಗಿ ನೇಮಿಸಿದರು. ಆಗ ಇವರ ವಯಸ್ಸು ಮೂವತ್ತಮೂರರ ಆಸುಪಾಸು. ಸುಮಾರು 300 ವಿದ್ಯಾರ್ಥಿಗಳು ಇವರ ಪಾಠ ಕೇಳುತ್ತಿದ್ದರು. ಮರುವರ್ಷವೇ ನಿಝಾಮುಲ್ ಮುಲ್ಕ್ ಕೊಲೆಯಾದರು. ಕೆಲವೇ ವಾರಗಳಲ್ಲಿ ಸುಲ್ತಾನ ಮಲಿಕ್ ಶಾ ಕೂಡ ಮೃತನಾಗಿ ಸಿಂಹಾಸನಕ್ಕಾಗಿ ಕಲಹ ಆರಂಭವಾಯಿತು. ಈ ನಡುವೆಯೂ ಗಝಾಲಿಯವರ ಕೀರ್ತಿ ಬೆಳೆಯುತ್ತಲೇ ಇತ್ತು.

ಬೋಧನೆಯ ಬಿಡುವಿನಲ್ಲಿ, ಗುರುವಿಲ್ಲದೆ, ಎರಡು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಅವರು ತತ್ತ್ವಶಾಸ್ತ್ರವನ್ನು ಓದಿ ಮುಗಿಸಿದರು. ಓದಿದ್ದನ್ನು ಮನನ ಮಾಡಲು ಇನ್ನೊಂದು ವರ್ಷ ತೆಗೆದುಕೊಂಡರು. ಇದರ ಫಲವಾದ ತಹಾಫುತ್ ಅಲ್-ಫಲಾಸಿಫಾ ಗ್ರಂಥವು ಇಬ್ನ್ ಸೀನಾ ಮೊದಲಾದವರ ಮತಗಳನ್ನು ಇಪ್ಪತ್ತು ವಿಷಯಗಳಲ್ಲಿ ಖಂಡಿಸುತ್ತದೆ. ಬೆಂಕಿ ತಗಲಿದ ಹತ್ತಿ ಸುಡುವುದನ್ನು ನಾವು ಕಾಣುತ್ತೇವೆಯೇ ಹೊರತು ಬೆಂಕಿಯೇ ಸುಟ್ಟಿತೆಂಬುದನ್ನು ಕಾಣುವುದಿಲ್ಲ ಎಂಬ ವಾದ ಈ ಗ್ರಂಥದ್ದೇ. ತತ್ತ್ವಶಾಸ್ತ್ರಜ್ಞರ ಮೇಲೆ ಅವರು ಹೊರಿಸಿದ ದೋಷಗಳಲ್ಲಿ ಒಂದು ಕುತೂಹಲಕರವಾದುದು: ತಂದೆಯರ ತಖ್ಲೀದ್ ಬಿಟ್ಟೆವೆಂದು ಹೆಮ್ಮೆಪಡುವವರಲ್ಲಿ ಅನೇಕರು ಅರಿಸ್ಟಾಟಲ್ ಮುಂತಾದವರ ದೊಡ್ಡ ಹೆಸರಿಗೆ ಮಾರುಹೋಗಿ ಇನ್ನೊಂದು ತಖ್ಲೀದ್‌ಗೆ ಸಿಕ್ಕಿದ್ದಾರೆ ಎಂಬುದು.

1095ರ ಬಿಕ್ಕಟ್ಟು

ದೇವತಾಶಾಸ್ತ್ರಜ್ಞರು, ತತ್ತ್ವಶಾಸ್ತ್ರಜ್ಞರು, ಬಾತಿನೀ ಪಂಥದವರು ಇವರೆಲ್ಲರ ಮಾರ್ಗಗಳನ್ನು ಪರಿಶೀಲಿಸಿದ ಮೇಲೆ ಗಝಾಲಿ ಸೂಫಿಗಳ ಗ್ರಂಥಗಳ ಕಡೆಗೆ ತಿರುಗಿದರು. ಅಬೂ ತಾಲಿಬ್ ಅಲ್-ಮಕ್ಕಿ, ಹಾರಿಸ್ ಅಲ್-ಮುಹಾಸಿಬಿ ಇವರ ಕೃತಿಗಳನ್ನು ಓದಿದರು. ಓದಿನಿಂದ ತಿಳಿಯಬಹುದಾದದ್ದೆಲ್ಲ ತಿಳಿಯಿತು. ಆದರೆ ಆರೋಗ್ಯದ ಲಕ್ಷಣವನ್ನು ಬಲ್ಲ ವೈದ್ಯನೂ ರೋಗಿಯಾಗಿರಬಹುದು. ಮದ್ಯದ ಅಮಲನ್ನು ವ್ಯಾಖ್ಯಾನಿಸುವುದು ಬೇರೆ, ಅಮಲೇರುವುದು ಬೇರೆ. ಉಳಿದದ್ದು ನಡೆದು ತಿಳಿಯಬೇಕಾದ ದಾರಿ.

ಆಗ ಅವರು ತಮ್ಮ ಬದುಕನ್ನೇ ಪರೀಕ್ಷೆಗೆ ಒಡ್ಡಿದರು. ತಾವು ಮಾಡುತ್ತಿದ್ದ ಕೆಲಸಗಳಲ್ಲಿ ಅತ್ಯಂತ ಉತ್ತಮವಾದದ್ದು ಬೋಧನೆ. ಆ ಬೋಧನೆಯ ಸಂಕಲ್ಪವೂ ದೇವರಿಗಾಗಿ ಇರದೆ ಸ್ಥಾನಮಾನಕ್ಕಾಗಿ, ಹೆಸರು ಹರಡಲೆಂದು ಇದೆಯೆಂದು ಅವರಿಗೆ ತೋರಿತು. ಬೆಳಿಗ್ಗೆ ಬಿಟ್ಟುಹೋಗಬೇಕೆಂಬ ನಿಶ್ಚಯ, ಸಂಜೆಗೆ ಅದರ ಕುಸಿತ. ಇಷ್ಟು ಒಳ್ಳೆಯ ಪದವಿ ಮತ್ತೆ ದೊರಕದೆಂದು ಮನಸ್ಸು ಹಿಂದೆಳೆಯುತ್ತಿತ್ತು. ಹಿಜರಿ 488ರ ರಜಬ್ ತಿಂಗಳಿನಿಂದ, ಅಂದರೆ 1095ರ ಜುಲೈಯಿಂದ, ಸುಮಾರು ಆರು ತಿಂಗಳು ಈ ತೂಗಾಟ ನಡೆಯಿತು. ಕೊನೆಗೆ ನಿರ್ಧಾರ ಅವರ ಕೈಮೀರಿತು. ನಾಲಿಗೆ ಕಟ್ಟಿಹೋಯಿತು. ಬಂದ ವಿದ್ಯಾರ್ಥಿಗಳ ಸಮಾಧಾನಕ್ಕಾದರೂ ಒಂದು ದಿನ ಪಾಠ ಹೇಳೋಣವೆಂದರೆ ಒಂದು ಶಬ್ದವೂ ಹೊರಡಲಿಲ್ಲ. ನೀರು ಗಂಟಲಿನಲ್ಲಿ ಇಳಿಯಲಿಲ್ಲ, ತುತ್ತು ಜೀರ್ಣವಾಗಲಿಲ್ಲ. ಇದು ಮನಸ್ಸಿನಿಂದ ದೇಹಕ್ಕೆ ಇಳಿದ ವ್ಯಾಧಿಯೆಂದು ಹೇಳಿ ವೈದ್ಯರು ಕೈಬಿಟ್ಟರು.

ಅದೇ ವರ್ಷದ ನವೆಂಬರಿನಲ್ಲಿ ಅವರು ಬಾಗ್ದಾದನ್ನು ಬಿಟ್ಟರು. ಖಲೀಫರೂ ಗೆಳೆಯರೂ ತಡೆಯಬಾರದೆಂದು ಮೆಕ್ಕಾಯಾತ್ರೆಗೆ ಹೋಗುವುದಾಗಿ ಹೇಳಿ, ಸಿರಿಯಾದಲ್ಲಿ ನೆಲೆಸುವ ಉದ್ದೇಶವನ್ನು ಮರೆಮಾಡಿದರು. ಪ್ರಾಮಾಣಿಕತೆಯ ಹುಡುಕಾಟ ಒಂದು ಮರೆಮಾತಿನಿಂದಲೇ ಆರಂಭವಾಯಿತೆಂಬುದನ್ನು ಅವರು ಆತ್ಮವೃತ್ತದಲ್ಲಿ ಬಚ್ಚಿಟ್ಟಿಲ್ಲ. ಕುಟುಂಬದ ಜೀವನೋಪಾಯಕ್ಕೆ ಬೇಕಾದಷ್ಟನ್ನು ಉಳಿಸಿ, ಮಿಕ್ಕ ಸಂಪತ್ತನ್ನು ಹಂಚಿದರು. ನಿಝಾಮಿಯಾದ ಪಾಠವನ್ನು ತಮ್ಮ ಅಹ್ಮದ್ ವಹಿಸಿಕೊಂಡರು.

ಅವರು ಹೊರಟ ಕಾರಣದ ಬಗ್ಗೆ ಆಗಲೇ ಊಹಾಪೋಹಗಳಿದ್ದವು. ದೂರದವರು ಆಳುವವರ ಭಯವೆಂದರು. ಆಳುವವರು ಅವರನ್ನು ಉಳಿಸಿಕೊಳ್ಳಲು ಬೇಡಿಕೊಳ್ಳುತ್ತಿದ್ದುದನ್ನು ಕಂಡ ಹತ್ತಿರದವರು ಇದು ವಿಧಿಯೆಂದರು. ಆಧುನಿಕ ವಿದ್ವಾಂಸರಲ್ಲಿಯೂ ಕೆಲವರು ಸೆಲ್ಜೂಕ್ ಅಂತಃಕಲಹವನ್ನೂ ಬಾತಿನೀ ಹಂತಕರ ಭೀತಿಯನ್ನೂ ಕಾರಣವಾಗಿ ಸೂಚಿಸಿದ್ದಾರೆ. ಆದರೆ ಕೇವಲ ಪ್ರಾಣಭಯದಿಂದ ಓಡಿದವರು ಹೋದಲ್ಲಿ ಇನ್ನೊಂದು ಆಶ್ರಯ ಹುಡುಕುತ್ತಾರೆ. ಗಝಾಲಿ ಹಾಗೆ ಮಾಡಲಿಲ್ಲ.

ಅಲೆದಾಟ ಮತ್ತು ಇಹ್ಯಾ

ದಮಾಸ್ಕಸ್ಸಿನಲ್ಲಿ ಅವರು ದೊಡ್ಡ ಮಸೀದಿಯ ಮಿನಾರನ್ನು ಹತ್ತಿ, ಬಾಗಿಲು ಹಾಕಿಕೊಂಡು ಹಗಲೆಲ್ಲ ಏಕಾಂತದಲ್ಲಿ ಕಳೆಯುತ್ತಿದ್ದರು. ಅಲ್ಲಿಂದ ಜೆರುಸಲೇಮಿಗೆ ಹೋದರು. 1096ರಲ್ಲಿ ಹೆಬ್ರಾನ್‌ನಲ್ಲಿರುವ ಪ್ರವಾದಿ ಇಬ್ರಾಹೀಮರ ಸಮಾಧಿಯ ಬಳಿ ಮೂರು ಪ್ರತಿಜ್ಞೆಗಳನ್ನು ಕೈಗೊಂಡರು: ಅರಸರ ಹಣ ಮುಟ್ಟುವುದಿಲ್ಲ, ಅರಸರ ಸಭೆಗೆ ಹೋಗುವುದಿಲ್ಲ, ಸಾರ್ವಜನಿಕ ವಾದಕ್ಕೆ ನಿಲ್ಲುವುದಿಲ್ಲ. ಹಜ್ ಯಾತ್ರೆಯ ನಂತರ ಮಕ್ಕಳ ಸೆಳೆತದಿಂದ ಸ್ವದೇಶಕ್ಕೆ ಮರಳಿದರು.

ಈ ಅವಧಿಯಲ್ಲಿ ಬರೆದ ಇಹ್ಯಾ ಉಲೂಮ್ ಅಲ್-ದೀನ್ (ಧಾರ್ಮಿಕ ವಿದ್ಯೆಗಳ ಪುನರುಜ್ಜೀವನ) ಅವರ ಮಹಾಕೃತಿ. ಆರಾಧನೆಗಳು, ದಿನಬಳಕೆಯ ನಡವಳಿಕೆಗಳು, ನಾಶಕ್ಕೆ ಒಯ್ಯುವ ಗುಣಗಳು, ಪಾರುಮಾಡುವ ಗುಣಗಳು ಎಂಬ ನಾಲ್ಕು ಭಾಗಗಳಲ್ಲಿ ಒಟ್ಟು 40 ಪುಸ್ತಕಗಳು ಇದರಲ್ಲಿವೆ. ನಮಾಜು, ರೋಜಾ, ವುಜೂ ಮುಂತಾದ ಆಚರಣೆಗಳನ್ನು ಇಲ್ಲಿ ಗಝಾಲಿ ಕೈಬಿಟ್ಟಿಲ್ಲ, ಸಡಿಲಿಸಿಯೂ ಇಲ್ಲ. ಆದರೆ ಪ್ರತಿಯೊಂದರ ಒಳಗೂ ಏನಿರಬೇಕೆಂದು ಕೇಳಿದ್ದಾರೆ. ಶುದ್ಧಿಗೆ ನಾಲ್ಕು ಮೆಟ್ಟಿಲುಗಳು: ದೇಹವನ್ನು ಕೊಳೆಯಿಂದ, ಅಂಗಾಂಗಗಳನ್ನು ಪಾಪದಿಂದ, ಹೃದಯವನ್ನು ದುರ್ಗುಣದಿಂದ, ಅಂತರಂಗವನ್ನು ದೇವರಲ್ಲದ ಎಲ್ಲದರಿಂದ ತೊಳೆಯುವುದು. ಮೊದಲ ತಲೆಮಾರಿನವರು ಬರಿನೆಲದ ಮೇಲೆ ನಮಾಜು ಮಾಡುತ್ತಿದ್ದರು, ನೀರಿನ ವಿಷಯದಲ್ಲಿ ಉದಾರವಾಗಿದ್ದರು, ಹೃದಯದ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದರು. ತಮ್ಮ ಕಾಲದವರಾದರೋ ಮೈ ತೊಳೆಯುವುದರಲ್ಲಿಯೇ ಹೊತ್ತು ಕಳೆದು, ಒಳಗಿನ ಅಹಂಕಾರ, ಮತ್ಸರಗಳನ್ನು ಹಾಗೆಯೇ ಬಿಟ್ಟಿದ್ದಾರೆಂದು ಅವರು ಆಕ್ಷೇಪಿಸುತ್ತಾರೆ. ಉಪವಾಸದಲ್ಲಿಯೂ ಹೊಟ್ಟೆಯದು, ಕಣ್ಣು ಕಿವಿ ನಾಲಿಗೆಗಳದು, ಹೃದಯದ್ದು ಎಂಬ ಮೂರು ಅಂತಸ್ತುಗಳನ್ನು ಗುರುತಿಸಿದ್ದಾರೆ.

ಗ್ರಂಥದ ಅತ್ಯಂತ ಸೂಕ್ಷ್ಮ ಪುಟಗಳು ರಿಯಾ ಅಥವಾ ತೋರಿಕೆಯ ಭಕ್ತಿಗೆ ಸಂಬಂಧಿಸಿದವು. ಜನರು ನೋಡಲೆಂದು ಮಾಡುವ ಭಕ್ತಿ ಎಲ್ಲರಿಗೂ ತಿಳಿಯುತ್ತದೆ. ಆದರೆ ಭಕ್ತಿಯನ್ನು ಪೂರ್ತಿ ಗುಟ್ಟಾಗಿಟ್ಟವನು, ಜನ ತನಗೆ ಮೊದಲು ಸಲಾಂ ಹೇಳಲಿ, ಅಂಗಡಿಯವನು ಬೆಲೆಯಲ್ಲಿ ರಿಯಾಯಿತಿ ತೋರಲಿ, ಸಭೆಯಲ್ಲಿ ಜಾಗ ಬಿಡಲಿ ಎಂದು ಒಳಗೊಳಗೇ ನಿರೀಕ್ಷಿಸಿ, ಅದು ಆಗದಾಗ ಮನಸ್ಸಿನಲ್ಲಿ ನೊಂದುಕೊಂಡರೆ? ಗುಟ್ಟಾಗಿಟ್ಟ ಭಕ್ತಿಗೂ ಅವನು ಕೂಲಿ ಕೇಳುತ್ತಿದ್ದಾನೆ. ಹಾಗೆಂದು ತೋರಿಕೆಯಾದೀತೆಂಬ ಹೆದರಿಕೆಯಿಂದ ಆರಾಧನೆಯನ್ನೇ ಬಿಡುವುದನ್ನು ಗಝಾಲಿ ಒಪ್ಪುವುದಿಲ್ಲ. ಸೈತಾನನು ಬಯಸುವುದೂ ಅದನ್ನೇ. ಕರ್ಮವನ್ನು ಮಾಡುತ್ತಲೇ ಸಂಕಲ್ಪವನ್ನು ತಿದ್ದಿಕೊಳ್ಳಬೇಕೆಂಬುದು ಅವರ ನಿಲುವು. ಸಂಕಲ್ಪ ಶುದ್ಧವಿಲ್ಲವೆಂದು ಸ್ವತಃ ಪಾಠವನ್ನೇ ಬಿಟ್ಟು ಹೊರಟವರು ಹೀಗೆ ಬರೆದಿರುವುದು ಯೋಚಿಸತಕ್ಕ ವಿಷಯ. ಪದವಿಯನ್ನು ಬಿಡುವುದು ಬೇರೆ, ಪ್ರಾರ್ಥನೆಯನ್ನು ಬಿಡುವುದು ಬೇರೆ ಎಂದು ಅವರು ಎಣಿಸಿದಂತೆ ತೋರುತ್ತದೆ. ಆಧ್ಯಾತ್ಮಿಕವಾಗಿ ಮೇಲೇರಿದ ತಮಗೆ ನಮಾಜು ಬೇಕಿಲ್ಲವೆನ್ನುವವರನ್ನು ಅವರು ತೀವ್ರವಾಗಿ ಖಂಡಿಸಿದ್ದಾರೆ.

ಮರಳಿ ಬೋಧನೆಗೆ

1106ರಲ್ಲಿ ನಿಝಾಮುಲ್ ಮುಲ್ಕ್ ಅವರ ಮಗ, ವಜೀರ ಫಖ್ರುಲ್ ಮುಲ್ಕ್, ಗಝಾಲಿಯವರನ್ನು ನಿಶಾಪುರದ ನಿಝಾಮಿಯಾದಲ್ಲಿ ಬೋಧಿಸುವಂತೆ ಒತ್ತಾಯಪಡಿಸಿದರು. ಹನ್ನೊಂದು ವರ್ಷಗಳ ನಂತರ ಅವರು ಮತ್ತೆ ಸರ್ಕಾರೀ ಮದ್ರಸದ ಪೀಠವೇರಿದರು. ಹೆಬ್ರಾನ್ ಪ್ರತಿಜ್ಞೆಗೆ ಇದು ಹೊಂದುವುದೇ? ಮೊದಲು ಪ್ರತಿಷ್ಠೆಯನ್ನು ಗಳಿಸಿಕೊಡುವ ವಿದ್ಯೆಯನ್ನು ಕಲಿಸುತ್ತಿದ್ದೆ, ಈಗ ಪ್ರತಿಷ್ಠೆಯನ್ನು ಬಿಡಿಸುವ ವಿದ್ಯೆಯನ್ನು ಕಲಿಸುತ್ತಿದ್ದೇನೆ, ಆದ್ದರಿಂದ ಇದು ಹಿಂದಿರುಗುವಿಕೆಯಲ್ಲ ಎಂಬರ್ಥದ ಸಮರ್ಥನೆಯನ್ನು ಅವರು ನೀಡಿದ್ದಾರೆ. ಜನರ ನಂಬಿಕೆ ದುರ್ಬಲವಾಗಿದೆ, ಏಕಾಂತದಲ್ಲಿ ಕುಳಿತಿರುವುದು ಸೋಮಾರಿತನವಾದೀತು ಎಂಬ ಆತಂಕವೂ ಇತ್ತು. ಈ ಸಮರ್ಥನೆಯನ್ನು ಎಲ್ಲರೂ ಒಪ್ಪಲಿಲ್ಲ. ವಿರೋಧಿಗಳ ದೂರಿನಿಂದಾಗಿ ಅವರು ಸಂಜರ್ ದೊರೆಯ ಮುಂದೆ ನಿಲ್ಲಬೇಕಾಗಿಯೂ ಬಂತು.

ಕೆಲಕಾಲದ ನಂತರ ನಿಶಾಪುರವನ್ನು ಬಿಟ್ಟು ತೂಸ್‌ಗೆ ಬಂದು, ಮನೆಯ ಪಕ್ಕದಲ್ಲಿ ಒಂದು ಮದ್ರಸವನ್ನೂ ಸೂಫಿಗಳ ಖಾನ್‌ಖಾವನ್ನೂ ನಡೆಸಿದರು. ಪರ್ಷಿಯನ್ ಓದುಗರಿಗಾಗಿ ಬರೆದ ಕೀಮಿಯಾ-ಎ-ಸಆದತ್ ಇಹ್ಯಾದ ವಿಚಾರಗಳನ್ನು ಸರಳವಾಗಿ ಹೇಳುತ್ತದೆ. ಓದು ಮುಗಿಸಿದ ಒಬ್ಬ ಶಿಷ್ಯ, ತಾನು ಕಲಿತ ಇಷ್ಟೊಂದು ವಿದ್ಯೆಗಳಲ್ಲಿ ಕೊನೆಗೆ ಉಪಯೋಗಕ್ಕೆ ಬರುವುದು ಯಾವುದೆಂದು ಕೇಳಿದಾಗ ಬರೆದ ಉತ್ತರವು ಅಯ್ಯುಹಲ್ ವಲದ್ (ಓ ಮಗುವೇ) ಎಂಬ ಕಿರುಪುಸ್ತಿಕೆಯಾಗಿ ಉಳಿದಿದೆ.

1111ರ ಡಿಸೆಂಬರ್ 18ರ ಸೋಮವಾರ ಗಝಾಲಿ ತೂಸ್‌ನಲ್ಲಿ ನಿಧನರಾದರು. ಅಂದು ಮುಂಜಾನೆ ವುಜೂ ಮಾಡಿ, ನಮಾಜು ಮುಗಿಸಿ, ಶವವಸ್ತ್ರವನ್ನು ತರಿಸಿ ಕಣ್ಣಿಗೊತ್ತಿಕೊಂಡು ಮಲಗಿದರೆಂದು ತಮ್ಮ ಅಹ್ಮದ್ ತಿಳಿಸಿದ್ದಾಗಿ ಹೇಳಲಾಗುತ್ತದೆ. ಹೆಣ್ಣುಮಕ್ಕಳು ಮಾತ್ರ ಉಳಿದಿದ್ದರು.

ಪ್ರಭಾವ ಮತ್ತು ವಿಮರ್ಶೆ

ಅವರು ಬದುಕಿರುವಾಗಲೇ, ಆಲ್ಮೊರಾವಿದರ ಆಳ್ವಿಕೆಯಲ್ಲಿದ್ದ ಸ್ಪೇನಿನ ಕಾರ್ಡೋಬಾದಲ್ಲಿ ಇಹ್ಯಾದ ಪ್ರತಿಗಳನ್ನು ಸುಡಲಾಯಿತು. ಅದರಲ್ಲಿ ದುರ್ಬಲ ಪ್ರವಾದಿವಚನಗಳು ಸೇರಿವೆಯೆಂದು ಇಬ್ನುಲ್ ಜೌಝಿ ಮೊದಲಾದ ವಿದ್ವಾಂಸರು ಆಕ್ಷೇಪಿಸಿದರು. ತಹಾಫುತ್ ಗ್ರಂಥಕ್ಕೆ ಇಬ್ನ್ ರುಶ್ದ್ ವಿಸ್ತಾರವಾದ ಪ್ರತ್ಯುತ್ತರ ಬರೆದರು. ತತ್ತ್ವಶಾಸ್ತ್ರಜ್ಞರ ಮತಗಳನ್ನು ಖಂಡನೆಯಿಲ್ಲದೆ ನಿರೂಪಿಸುವ ಮಕಾಸಿದ್ ಅಲ್-ಫಲಾಸಿಫಾ ಲ್ಯಾಟಿನ್‌ಗೆ ಅನುವಾದವಾದಾಗ, ಯುರೋಪಿನ ಅನೇಕರು ಗಝಾಲಿಯವರನ್ನೂ ಇಬ್ನ್ ಸೀನಾರ ಅನುಯಾಯಿಯೆಂದೇ ಭಾವಿಸಿದ್ದು ಒಂದು ವಿಪರ್ಯಾಸ.

ಗಝಾಲಿ ಪ್ರತಿನಿಧಿಸಿದ ಶಾಫಿ ಪಂಥವನ್ನು ಕರ್ನಾಟಕದ ಕರಾವಳಿಯ ಬ್ಯಾರಿ ಮತ್ತು ನವಾಯತ ಮುಸ್ಲಿಮರು ಅನುಸರಿಸುತ್ತಾರೆ.