ರಕ್ತದ ಲೆಕ್ಕ ಹಿಡಿದ ವೈದ್ಯ

ಅಂಗವೊಂದರ ರಚನೆಯನ್ನು ಕಂಡವರೆಲ್ಲ ಅದರ ಕಾರ್ಯವನ್ನು ಅರಿತಿರುತ್ತಾರೆ ಎನ್ನಲಾಗದು. ಇಟಲಿಯ ಪಡುವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ಯಾಬ್ರಿಷಿಯಸ್ ಅಭಿಧಮನಿಗಳೊಳಗಿನ ಕವಾಟಗಳನ್ನು ವಿವರವಾಗಿ ಚಿತ್ರಿಸಿ 1603ರಲ್ಲಿ ಪ್ರಕಟಿಸಿದ. ರಕ್ತವೆಲ್ಲ ಕೈಕಾಲುಗಳತ್ತ ನುಗ್ಗದಂತೆ ತಡೆಯುವುದೇ ಅವುಗಳ ಕೆಲಸವೆಂದು ಆತ ಭಾವಿಸಿದ್ದ. ಯಕೃತ್ತಿನಲ್ಲಿ ಹುಟ್ಟುವ ರಕ್ತ ಅಂಗಾಂಗಗಳಿಗೆ ಹರಿದು ಅಲ್ಲಿಯೇ ವ್ಯಯವಾಗುತ್ತದೆ ಎಂಬ ಗೇಲನ್‌ನ ಮತ ಸುಮಾರು 1,400 ವರ್ಷಗಳಿಂದ ನಡೆದುಬಂದಿತ್ತು. ಫ್ಯಾಬ್ರಿಷಿಯಸ್ ಕಣ್ಣಿಗೂ ಅದೇ ಕನ್ನಡಕವಿತ್ತು.

ಆತನ ಶಿಷ್ಯ ವಿಲಿಯಂ ಹಾರ್ವೆ ಅದೇ ಕವಾಟಗಳನ್ನು ಬೇರೆ ಬಗೆಯಲ್ಲಿ ನೋಡಿದ. 1578ರಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ ಹುಟ್ಟಿದ ಹಾರ್ವೆ 1602ರಲ್ಲಿ ಪಡುವಾದಿಂದ ವೈದ್ಯ ಪದವಿ ಪಡೆದು ಲಂಡನ್ನಿಗೆ ಮರಳಿದ, ಮುಂದೆ ರಾಜವೈದ್ಯನೂ ಆದ. ರಟ್ಟೆಗೆ ಪಟ್ಟಿ ಬಿಗಿದು ಉಬ್ಬಿದ ಅಭಿಧಮನಿಯನ್ನು ಬೆರಳಿನಿಂದ ನೀವಿದಾಗ ರಕ್ತ ಹೃದಯದ ಕಡೆಗೆ ಸರಾಗವಾಗಿ ಸರಿಯುತ್ತದೆ, ಹಿಂದಕ್ಕೆ ತಳ್ಳಿದರೆ ಕವಾಟದ ಬಳಿ ನಿಂತುಬಿಡುತ್ತದೆ. ಯಾರು ಬೇಕಾದರೂ ತಮ್ಮ ತೋಳಿನ ಮೇಲೆಯೇ ನೋಡಬಹುದಾದ ಸಂಗತಿ!

ಇದಕ್ಕಿಂತ ಬಲವಾದದ್ದು ಆತನ ಗಣಿತ. ಹೃದಯ ಒಂದು ಬಡಿತಕ್ಕೆ ಬರಿಯ ಅರ್ಧ ಔನ್ಸ್ ರಕ್ತವನ್ನು ಹೊರತಳ್ಳುತ್ತದೆ ಎನ್ನೋಣ. ಅರ್ಧ ಗಂಟೆಗೆ 1,000 ಬಡಿತವೆಂದರೂ 500 ಔನ್ಸ್ ಆಯಿತು. ಇಡೀ ದೇಹದಲ್ಲಿ ಅಷ್ಟು ರಕ್ತವಿಲ್ಲ. ತಿಂದ ಆಹಾರದಿಂದ ಅಷ್ಟು ಬೇಗ ಹುಟ್ಟುವುದೂ ಅಸಾಧ್ಯ. ಹಾಗಾದರೆ ಅದೇ ರಕ್ತ ಸುತ್ತಿ ಬರುತ್ತಿರಲೇಬೇಕು. ಹಾರ್ವೆ ಹಿಡಿದ ಅಂಕಿಗಳು ನಿಜಕ್ಕಿಂತ ಬಹಳ ಕಡಿಮೆಯೆಂದು ಇಂದು ನಾವು ಬಲ್ಲೆವು. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯ ನಿಮಿಷಕ್ಕೇ ಸುಮಾರು 5 ಲೀಟರ್ ರಕ್ತ ಹರಿಸುತ್ತದೆ. ಅಷ್ಟು ಕೃಪಣನಾಗಿ ಲೆಕ್ಕ ಹಾಕಿಯೂ ವಾದ ಗೆದ್ದಿತು.

ಈ ಅರಿವಿಗೆ ತೆತ್ತ ಬೆಲೆಯನ್ನು ಮರೆಮಾಚುವುದು ಸಲ್ಲದು. ಅರಿವಳಿಕೆಯೇ ಇಲ್ಲದ ಆ ಕಾಲದಲ್ಲಿ ಹಾರ್ವೆ ನಾಯಿಗಳನ್ನು ಜೀವಂತವಾಗಿ ಸೀಳಿದ. ಅವುಗಳ ಹೃದಯ ಬಡಿಯುವ ವೇಗಕ್ಕೆ ಕಣ್ಣು ಸೋತಾಗ ಕಪ್ಪೆ, ಹಾವು, ಮೀನುಗಳ ನಿಧಾನಗತಿಯ ಹೃದಯಗಳತ್ತ ತಿರುಗಿದ. ಬಡಿಯುವ ಹೃದಯವನ್ನು ಶವದಲ್ಲಿ ಕಾಣಲು ಬರುತ್ತಿರಲಿಲ್ಲ ಎಂಬುದು ನಿಜ. ಆದರೆ ಆ ನಿಜ ಪ್ರಾಣಿಗಳ ಯಾತನೆಯನ್ನು ಅಳಿಸುವುದಿಲ್ಲ.

1628ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ, ಅಚ್ಚಿನ ತಪ್ಪುಗಳಿಂದ ತುಂಬಿದ ಆತನ ಪುಟ್ಟ ಲ್ಯಾಟಿನ್ ಗ್ರಂಥ ಹೊರಬಂತು. ಪ್ಯಾರಿಸ್ಸಿನ ರಿಯೊಲಾನ್‌ನಂಥ ಪಂಡಿತರು ವಿರೋಧಿಸಿದರು. ಪುಸ್ತಕ ಬಂದ ಮೇಲೆ ಹಾರ್ವೆಯ ಬಳಿಗೆ ಬರುವ ರೋಗಿಗಳೂ ಕಡಿಮೆಯಾದರೆಂದು ಆತನನ್ನು ಬಲ್ಲ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಅಂತರ್ಯುದ್ಧದಲ್ಲಿ ದೊರೆ ಚಾರ್ಲ್ಸ್‌ನ ಪಕ್ಷದಲ್ಲಿದ್ದುದಕ್ಕೆ ಲಂಡನ್ನಿನ ಆತನ ನಿವಾಸ ಲೂಟಿಯಾಯಿತು. ಕೀಟಗಳ ಸಂತಾನೋತ್ಪತ್ತಿಯ ಬಗ್ಗೆ ಹಲವು ವರ್ಷಗಳಿಂದ ಬರೆದಿಟ್ಟಿದ್ದ ಟಿಪ್ಪಣಿಗಳು ಅಲ್ಲಿಯೇ ನಾಶವಾದವು. ಈ ನಷ್ಟ ಆತನನ್ನು ಕೊನೆಯವರೆಗೂ ಕಾಡಿತು.

ವಿಚಿತ್ರವೆಂದರೆ, ರಕ್ತದ ಚಲನೆಯನ್ನು ಸಾಧಿಸಿ ತೋರಿಸಿದ ಈ ವೈದ್ಯ ರೋಗಿಗಳ ರಕ್ತ ಹರಿಸುವ ಹಳೆಯ ಚಿಕಿತ್ಸೆಯನ್ನು ಬಿಡಲಿಲ್ಲ. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವುದು ಹೇಗೆ ಎಂಬುದನ್ನೂ ಆತ ಕಾಣಲಾಗಲಿಲ್ಲ. ದಾರಿ ಇದ್ದೇ ಇರಬೇಕೆಂದು ತರ್ಕಿಸಿದ್ದ, ಅಷ್ಟೆ. ಹಾರ್ವೆ 1657ರಲ್ಲಿ ತೀರಿಕೊಂಡ. ನಾಲ್ಕು ವರ್ಷಗಳ ನಂತರ, 1661ರಲ್ಲಿ, ಇಟಲಿಯ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಆ ಕೂದಲೆಳೆಯಂಥ ನಾಳಗಳನ್ನು ಕಂಡ.